30 ಲಕ್ಷ ಪೌಂಡ್ ಯಾರ ಮನೆಗೆ ಹೋಯಿತು?

ಮಾನ್ಯ ಸಂಪಾದಕರೇ,

ಕಳೆದ ಸಂಚಿಕೆಯಲ್ಲಿ ಬಳ್ಳಾರಿಯ ಬೋಯರ್ ಯುದ್ಧಕೈದಿಗಳ ಬಗ್ಗೆ, ಅಂದರೆ 1899–1902ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ ಸೆರೆಸಿಕ್ಕ ಡಚ್ ಮೂಲದ ಬಿಳಿಯ ರೈತರ ಬಗ್ಗೆ, ಬಂದ ಲೇಖನ ಓದಿದೆ. ನಮ್ಮೂರಿನ ಕಥೆ ನಮಗೇ ಗೊತ್ತಿರಲಿಲ್ಲ, ಸಂತೋಷವಾಯಿತು. ಆದರೆ ಲೇಖಕರು ಬ್ರಿಟಿಷರನ್ನು ಬೈಯುವುದರಲ್ಲೇ ಪುಟ ಮುಗಿಸಿದ್ದಾರೆ. ಯುದ್ಧ ಗೆದ್ದ ಮೇಲೆ ಸೋತ ಬೋಯರರಿಗೆ ಅದೇ ಬ್ರಿಟಿಷರು 30 ಲಕ್ಷ ಪೌಂಡ್ ಕೊಟ್ಟರಲ್ಲ, ಆ ಮಾತೇ ಇಲ್ಲ. ನಾನು ಕಂದಾಯ ಇಲಾಖೆಯಲ್ಲಿ ಆಯುಷ್ಯ ಕಳೆದವನು. ಪರಿಹಾರ ಹಂಚುವ ಕಷ್ಟ ಬಲ್ಲೆ. ಶತ್ರುವಿಗೂ ಪರಿಹಾರ ಕೊಟ್ಟ ಆ ಔದಾರ್ಯದಿಂದ ನಮ್ಮ ಸರ್ಕಾರಗಳು ಕಲಿಯುವುದು ಬಹಳ ಇದೆ. ಇದರ ಬಗ್ಗೆ ಒಂದು ಲೇಖನಮಾಲೆಯನ್ನೇ ತನ್ನಿ.

— ನಿವೃತ್ತ ಶಿರಸ್ತೇದಾರ್, ಬಳ್ಳಾರಿ

ಶಿರಸ್ತೇದಾರ್ ಸಾಹೇಬರೇ,

ನಿಮ್ಮ ಪತ್ರ ನೋಡಿ ಖುಷಿಯಾಯಿತು. ಇಂಥ ದುಂಡಗಿನ ಅಕ್ಷರ ನೋಡಬೇಕಾದರೆ ಈಗ ಹಳೇ ಕಡತಗಳನ್ನೇ ತೆಗೆಯಬೇಕು. ನೀವು ಎತ್ತಿದ ವಿಷಯವೂ ಬಹಳ ದಿನದಿಂದ ನನ್ನ ತಲೆ ಕೊರೆಯುತ್ತಿರುವುದೇ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾದರೆ ಬೇಸರ ಮಾಡಿಕೊಳ್ಳಬೇಡಿ.

ಮೊದಲು ನಿಮ್ಮ ಕಡೆಯ ಮಾತು ಹೇಳಿಬಿಡುತ್ತೇನೆ. ನೀವು ಕೊಟ್ಟ ಅಂಕಿ ಸರಿಯಾಗಿದೆ. 1902ರ ಮೇ 31ರ ರಾತ್ರಿ ಪ್ರಿಟೋರಿಯಾದ ಮೆಲ್ರೋಸ್ ಹೌಸ್‌ನಲ್ಲಿ ಸಹಿಯಾದ ಒಪ್ಪಂದದ ಹತ್ತನೇ ಕಲಮಿನಲ್ಲಿ ಅದು ಇದೆ. ಬೋಯರರನ್ನು ಮತ್ತೆ ಅವರವರ ಹೊಲಮನೆಗೆ ಸೇರಿಸಲು 30 ಲಕ್ಷ ಪೌಂಡ್, ವಾಪಸ್ ಕೇಳದ ಹಣ. ಅದರ ಮೇಲೆ ಸಾಲ, ಎರಡು ವರ್ಷ ಬಡ್ಡಿ ಇಲ್ಲ, ಆಮೇಲೆ ಶೇ. 3. ಪ್ರತಿ ಜಿಲ್ಲೆಗೂ ಒಂದು ಸಮಿತಿ, ಅದರಲ್ಲಿ ಊರಿನವರೂ ಇರಬೇಕು. ಯುದ್ಧದ ಖರ್ಚಿಗೆ ಅಂತ ಜಮೀನಿನ ಮೇಲೆ ವಿಶೇಷ ತೆರಿಗೆ ಹಾಕುವುದಿಲ್ಲ ಅಂತ ಒಂಬತ್ತನೇ ಕಲಮು. ಗೆದ್ದವರು ಸೋತವರಿಂದ ದಂಡ ವಸೂಲಿ ಮಾಡುತ್ತಿದ್ದ ಕಾಲದಲ್ಲಿ ಇದು ಸಣ್ಣ ವಿಷಯವಲ್ಲ. ಒಪ್ಪಿದೆ. ಇಲ್ಲಿಗೆ ನಿಮ್ಮ ಕಡೆ ಮುಗಿಯಿತು.

ಈಗ ಒಂದು ಲೆಕ್ಕ. ಲೆಕ್ಕ ನಿಮ್ಮ ಕಸುಬು, ನಾನು ತಪ್ಪಿದರೆ ತಿದ್ದಿ. 1900ರ ಮಧ್ಯದಿಂದ ಬ್ರಿಟಿಷ್ ಸೇನೆ ಬೋಯರರ ಹೊಲಮನೆಗಳಿಗೆ ಬೆಂಕಿ ಇಡುತ್ತಾ ಹೋಯಿತು. ಅಲ್ಲಿನ ಬ್ರಿಟಿಷ್ ಸೇನಾಪತಿ ಲಾರ್ಡ್ ರಾಬರ್ಟ್ಸ್ ಶುರು ಮಾಡಿದ, ಅವನ ನಂತರ ಆ ಜಾಗಕ್ಕೆ ಬಂದ ಕಿಚನರ್ ಅದನ್ನೇ ಯುದ್ಧದ ನೀತಿ ಮಾಡಿಕೊಂಡ. ಸುಟ್ಟುಹೋದ ಮನೆಗಳು ಸುಮಾರು 30,000. ಹೊಲದಲ್ಲಿ ನಿಂತ ಬೆಳೆ ಹೋಯಿತು, ಕುರಿ ದನ ಹೋದವು. ಯುದ್ಧಕ್ಕೆ ಬ್ರಿಟನ್ ಸುರಿದದ್ದು 20 ಕೋಟಿ ಪೌಂಡ್‌ಗೂ ಜಾಸ್ತಿ. ಈಗ 30 ಲಕ್ಷವನ್ನು 30,000ದಿಂದ ಭಾಗಿಸಿ. ಒಂದು ಮನೆಗೆ 100 ಪೌಂಡ್. ಅದರಲ್ಲೇ ಗೋಡೆ, ಚಾವಣಿ, ಎತ್ತು, ನೇಗಿಲು, ಬಿತ್ತನೆ ಬೀಜ ಎಲ್ಲಾ ಆಗಬೇಕು. ಸುಟ್ಟವರೇ ಕೊಟ್ಟ ದುಡ್ಡು ಇದು. ಇದಕ್ಕೆ ಔದಾರ್ಯ ಅಂತ ಹೆಸರಿಡಲು ನನ್ನ ಪೆನ್ನು ಏಳುತ್ತಿಲ್ಲ. (ಬೆಂಕಿ ಇಡಿಸಿದ ಕಿಚನರ್ ಅದೇ 1902ರ ಕೊನೆಯಲ್ಲಿ ನಮ್ಮ ದೇಶದ ಸೇನೆಗೆ ಮುಖ್ಯಸ್ಥನಾಗಿ ಬಂದ. ರಾಬರ್ಟ್ಸ್ ಆ ಯುದ್ಧಕ್ಕೆ ಮುಂಚೆ ಅದೇ ಕುರ್ಚಿಯಲ್ಲಿ ಕೂತಿದ್ದವನು. ಇವರೆಲ್ಲಾ ನಮಗೆ ಹಳೇ ಪರಿಚಯ.)

ಮನೆ ಕಳೆದುಕೊಂಡ ಹೆಂಗಸರನ್ನು, ಮಕ್ಕಳನ್ನು ಶಿಬಿರಗಳಿಗೆ ತುಂಬಿದರು. ದಡಾರ, ಟೈಫಾಯ್ಡ್, ಅರೆಹೊಟ್ಟೆ. ಬೋಯರರಲ್ಲಿ ಸತ್ತವರು 27,927 ಅಂತ ಆಮೇಲೆ ಲೆಕ್ಕ ಹಾಕಿದರು. ಅದರಲ್ಲಿ 22,000ಕ್ಕೂ ಹೆಚ್ಚು 16 ವರ್ಷದೊಳಗಿನ ಮಕ್ಕಳು. ಎಮಿಲಿ ಹಾಬ್‌ಹೌಸ್ ಎಂಬ ಇಂಗ್ಲಿಷ್ ಹೆಂಗಸು 1901ರ ಜನವರಿಯಲ್ಲಿ ಹೋಗಿ ಕಣ್ಣಾರೆ ನೋಡಿ ಬಂದು ವರದಿ ಕೊಟ್ಟಳು. ಅವಳ ದೇಶದವರೇ ಅವಳನ್ನು ದೇಶದ್ರೋಹಿ ಅಂದರು. ಯುದ್ಧ ಮುಗಿದ ಮೇಲೂ ಆಕೆ ಸುಮ್ನೆ ಕೂರಲಿಲ್ಲ. ಮತ್ತೆ ಹೋದಳು. ಎತ್ತು ಇಲ್ಲದ ಊರಿಗೆ ಉಳುವ ಜೋಡಿಗಳನ್ನು ಕಳಿಸಿದಳು, ಹೆಣ್ಣುಮಕ್ಕಳಿಗೆ ನೂಲುವುದು ನೇಯುವುದು ಕಲಿಸಲು ಶಾಲೆ ತೆರೆದಳು. 30 ಲಕ್ಷ ಪೌಂಡ್ ಸರಿಯಾಗಿ ತಲುಪಿದ್ದರೆ ಲಂಡನ್ನಿನಿಂದ ಒಬ್ಬ ಹೆಂಗಸು ಬಂದು ಉಳುಮೆ ಮಾಡಿಸುವ ಗತಿ ಯಾಕೆ ಬರುತ್ತಿತ್ತು ಹೇಳಿ?

ನನ್ನ ತಲೆ ಕೊರೆಯುತ್ತಿರುವುದು ಆದರೆ ಇದಲ್ಲ. ಹಣ ಕಮ್ಮಿಯಾಯಿತು ಅನ್ನುವುದು ಎಲ್ಲಾ ಪರಿಹಾರದ ಕಥೆ. ಯಾರನ್ನು ಪಟ್ಟಿಗೆ ಸೇರಿಸಿದರು, ಯಾರನ್ನು ಬಿಟ್ಟರು, ಅದನ್ನು ನೋಡಿ.

ಹತ್ತನೇ ಕಲಮಿನ ಕೊನೆ ಸಾಲು ಹೇಳುವುದು ಇಷ್ಟು: ಪರದೇಶದವರಿಗೂ ಬಂಡುಕೋರರಿಗೂ ಇದರ ಲಾಭ ಇಲ್ಲ. ಬಂಡುಕೋರರು ಅಂದರೆ ಬ್ರಿಟಿಷ್ ಕೇಪ್, ನಟಾಲ್ ವಸಾಹತುಗಳಲ್ಲಿದ್ದು ಬೋಯರರ ಜೊತೆ ಸೇರಿ ಹೋರಾಡಿದವರು. ಅಲ್ಲಿಗೆ ಒಂದು ಗೆರೆ ಬಿತ್ತು. ಒಳಗೆ ಉಳಿದವರಲ್ಲೂ ಜಗಳ. ಕೊನೆವರೆಗೂ ಹೋರಾಡಿದವರು ‘ಬಿಟರ್‌ಐಂಡರ್’ಗಳು. ಮುಂಚೆಯೇ ಕೈ ಎತ್ತಿ ಶರಣಾದವರು ‘ಹೆನ್ಸಾಪರ್’ಗಳು. ಶರಣಾದರೆ ನಿಮ್ಮ ಆಸ್ತಿಗೆ ರಕ್ಷಣೆ ಅಂತ ರಾಬರ್ಟ್ಸ್ 1900ರಲ್ಲೇ ಘೋಷಣೆ ಹೊರಡಿಸಿದ್ದ. ನಂಬಿದವರು ಈಗ ಕೇಳಿದರು, ಎಲ್ಲಿ ನಮ್ಮ ರಕ್ಷಣೆ, ಎಲ್ಲಿ ನಮ್ಮ ದನ? ಒಬ್ಬರಿಗೆ ಸಿಕ್ಕಿತು ಅಂದರೆ ಇನ್ನೊಬ್ಬರಿಗೆ ಉರಿ. ಒಂದೇ ಚರ್ಚಿಗೆ ಹೋಗುವ ಜನ ಒಬ್ಬರ ಮುಖ ಒಬ್ಬರು ನೋಡದ ಹಾಗಾಯಿತು.

ಇನ್ನು ಕಾಗದದ ವಿಷಯ. ನಷ್ಟಕ್ಕೆ ಸಾಕ್ಷಿ ಏನು? ಬೋಯರ್ ಸರ್ಕಾರ 1900ರ ಒಂದನೇ ಕಾನೂನಿನ ಪ್ರಕಾರ ಹೊರಡಿಸಿದ ನೋಟುಗಳು, ಬೋಯರ್ ಅಧಿಕಾರಿಗಳು ಬಯಲಲ್ಲಿ ಬರೆದುಕೊಟ್ಟ ರಸೀದಿಗಳು. ಆ ನೋಟುಗಳನ್ನು ಒಮ್ಮೆ ಕಲ್ಪಿಸಿಕೊಳ್ಳಿ. ರಾಜಧಾನಿ ಪ್ರಿಟೋರಿಯಾ ಕೈತಪ್ಪಿದ ಮೇಲೆ ಸರ್ಕಾರ ಕುದುರೆ ಮೇಲೆ ಓಡಾಡುತ್ತಿತ್ತು. ನೋಟಿನ ಕಾಗದ ಮುಗಿದಾಗ ಶಾಲೆ ಮಕ್ಕಳ ಗೆರೆ ಎಳೆದ ನೋಟ್‌ಬುಕ್ ಹಾಳೆ ತೆಗೆದು ಅದರ ಮೇಲೇ ನೋಟು ಅಚ್ಚು ಹಾಕಿದರು. ನ್ಯಾಯ ಸಮಿತಿ ಅದನ್ನು ನಿಜವೆಂದು ಒಪ್ಪಿದರೆ ನಷ್ಟಕ್ಕೆ ಆಧಾರವಾಗುತ್ತಿತ್ತು. ನಿಮ್ಮಂಥ ಒಬ್ಬ ಶಿರಸ್ತೇದಾರ್ ಆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡುವುದು ನನ್ನ ಕಣ್ಣ ಮುಂದೆ ಬರುತ್ತದೆ. ಮನೆ ಸುಟ್ಟಾಗ ಹಾಳೆಯೂ ಸುಟ್ಟಿದ್ದರೆ?

ಬೋಯರರಲ್ಲೇ ‘ಬೈವೋನರ್’ ಅಂತ ಒಂದು ಜನ. ನಮ್ಮ ಮಾತಲ್ಲಿ ಗೇಣಿದಾರರು. ಇನ್ನೊಬ್ಬರ ಜಮೀನಿನ ಮೂಲೆಯಲ್ಲಿ ಗುಡಿಸಲು ಹಾಕಿಕೊಂಡು ಬೆಳೆದದ್ದರಲ್ಲಿ ಪಾಲು ತೆಗೆದುಕೊಂಡು ಬದುಕುತ್ತಿದ್ದವರು. ಯುದ್ಧದಲ್ಲಿ ಧಣಿಯ ಪಕ್ಕದಲ್ಲೇ ನಿಂತು ಗುಂಡು ಹಾರಿಸಿದರು. ಧಣಿಗೆ ವಾಪಸ್ ಹೋಗಲು ಭೂಮಿ ಇತ್ತು. ಇವರು ಎಲ್ಲಿಗೆ ಹೋಗಬೇಕು? ಧಣಿಯೇ ದಿವಾಳಿ, ಇವರನ್ನು ಇಟ್ಟುಕೊಳ್ಳಲು ಆಗಲಿಲ್ಲ. ಮೇಲೆ ಬರ. ಜೋಹಾನ್ಸ್‌ಬರ್ಗಿನ ಕಡೆ ಗಂಟುಮೂಟೆ ಕಟ್ಟಿದರು. ಮುಂದೆ ‘ಬಡ ಬಿಳಿಯರ ಸಮಸ್ಯೆ’ ಅಂತ ಆ ದೇಶ ಹತ್ತಾರು ವರ್ಷ ತಲೆ ಕೆಡಿಸಿಕೊಂಡಿತಲ್ಲ, ಅದರಲ್ಲಿ ದೊಡ್ಡ ಪಾಲು ಇವರು.

ಇಷ್ಟು ಹೊತ್ತು ಬಿಳಿಯರ ಮಾತಾಯಿತು. ಕರಿಯರದು?

ಇಬ್ಬರು ಬಿಳಿಯರ ಯುದ್ಧ ಅಂತ ಹೆಸರು. ಎರಡು ಕೋಣಗಳ ಕಾದಾಟದಲ್ಲಿ ಗಿಡಕ್ಕೆ ಸಾವು ಅನ್ನುವ ಹಾಗೆ ಅಲ್ಲಿನ ಆಫ್ರಿಕನ್ನರ ಪಾಡು. ಅವರ ಗುಡಿಸಲುಗಳೂ ಸುಟ್ಟವು. ಅವರ ದನಗಳನ್ನು ಎರಡೂ ಕಡೆಯವರು ಹೊಡೆದುಕೊಂಡು ಹೋದರು. ಒಂದು ಲಕ್ಷಕ್ಕೂ ಹೆಚ್ಚು ಆಫ್ರಿಕನ್ನರನ್ನು ಬೇರೆ ಶಿಬಿರಗಳಲ್ಲಿ ಇಟ್ಟರು. ಅಲ್ಲಿ ಜೋಳ ಸಿಗಬೇಕಾದರೆ ದುಡ್ಡು ಕೊಡಬೇಕು ಇಲ್ಲಾ ಸೇನೆಗೆ ಕೂಲಿ ಮಾಡಬೇಕು. ದಾಖಲೆಯಲ್ಲಿರುವ ಸಾವೇ 14,000ಕ್ಕೂ ಮೇಲೆ. ನಿಜವಾದ ಸಂಖ್ಯೆ ಇನ್ನೂ ಜಾಸ್ತಿ ಅಂತ ಇತಿಹಾಸಕಾರರು ಒಪ್ಪುತ್ತಾರೆ. ಎಷ್ಟೋ ಕಡೆ ಎಣಿಸುವ ಗೋಜಿಗೇ ಹೋಗಿರಲಿಲ್ಲ.

ಅವರಿಗೆ ಪರಿಹಾರವೇ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಬೇರೆ ಲೆಕ್ಕದಲ್ಲಿ ಒಂದಿಷ್ಟು ಇತ್ತು. ಆದರೆ ಕೇಳಿದ್ದಕ್ಕೂ ಕೈಗೆ ಬಂದದ್ದಕ್ಕೂ ಅಜಗಜಾಂತರ. ಹೋಗಲಿ ಅಂದರೆ, ತಿರುಗಾ ಇವರಿಂದಲೇ ವಸೂಲಿ! ಯುದ್ಧದ ಹೊತ್ತಿನಲ್ಲಿ ಬೋಯರರು ಬಿಟ್ಟುಹೋದ ಹೊಲಗಳಲ್ಲಿ ಎಷ್ಟೋ ಆಫ್ರಿಕನ್ನರು ಬಿತ್ತಿ ಬೆಳೆದಿದ್ದರು. ಕೆಲವು ಭೂಮಿ ಹಿಂದೆ ಅವರ ತಾತಂದಿರದೇ. ದನಗಳನ್ನೂ ಹಿಡಿದುಕೊಂಡಿದ್ದರು. ಬ್ರಿಟಿಷರು ಗೆದ್ದರೆ ಇದು ನಮಗೇ ಉಳಿಯುತ್ತದೆ ಅಂತ ನಂಬಿದ್ದರು. ಶಾಂತಿಯಾದ ಮೇಲೆ ಬ್ರಿಟಿಷ್ ಪೊಲೀಸರೇ ಬಂದು ಅವರ ಬಂದೂಕು ಕಿತ್ತುಕೊಂಡು, ಹೊಲ ಖಾಲಿ ಮಾಡಿಸಿ, ದನ ಬಿಡಿಸಿ ಬೋಯರರಿಗೆ ಒಪ್ಪಿಸಿದರು. ಹತ್ತನೇ ಕಲಮಿನ ಔದಾರ್ಯದಲ್ಲಿ ಈ ಪಾಲನ್ನು ಯಾರ ಖಾತೆಗೆ ಬರೆಯುತ್ತೀರಿ?

ಹೋಲ್‌ಕ್ರಾನ್ಸ್ ಘಟನೆ ನೋಡಿ. 1902ರ ಮೇ 6, ಫ್ರೈಹೈಡ್ ಊರಿನ ಹತ್ತಿರ. ಬೋಯರರು ಝುಲು ಮುಖಂಡ ಸಿಖೊಬೊಬೊನ ಜನರ ಮನೆ ಸುಟ್ಟು ದನ ಹೊಡೆದಿದ್ದರು. ಧೈರ್ಯ ಇದ್ದರೆ ಬಂದು ಬಿಡಿಸಿಕೊಳ್ಳಿ ಅಂತ ಮೂದಲಿಸಿದ್ದರು. ಅವನು ರಾತ್ರಿ ಬಂದ. 56 ಬೋಯರರು ಸತ್ತರು. ಇನ್ನೂ ಯುದ್ಧ ಮಾಡೋಣವೋ ಬೇಡವೋ ಅಂತ ಬೋಯರ್ ನಾಯಕರು ಸಭೆ ಕೂತಾಗ ಈ ಭಯವೂ ಚರ್ಚೆಗೆ ಬಂತು. ಅಂದರೆ ಶಾಂತಿಗೆ ಒಂದು ಕಾರಣ ಆಫ್ರಿಕನ್ನರ ದನಗಳು. ಒಪ್ಪಂದದಲ್ಲಿ ಮಾತ್ರ ಆ ದನಗಳ ಸುದ್ದಿ ಇಲ್ಲ.

ಅವರ ಸುದ್ದಿ ಇರುವುದು ಎಂಟನೇ ಕಲಮಿನಲ್ಲಿ. ಸ್ಥಳೀಯರಿಗೆ ಮತದಾನದ ಹಕ್ಕು ಕೊಡುವ ಪ್ರಶ್ನೆಯನ್ನು ಸ್ವಯಮಾಡಳಿತ ಬಂದ ಮೇಲೆ ತೀರ್ಮಾನಿಸೋಣ ಅಂತ. ಸ್ವಯಮಾಡಳಿತ ಬಂದರೆ ಮತ ಇರುವವರು ಬಿಳಿಯರು ಮಾತ್ರ, ಅವರು ಏನು ತೀರ್ಮಾನಿಸುತ್ತಾರೆ ಅಂತ ಸಹಿ ಹಾಕಿದ ಎಲ್ಲರಿಗೂ ಗೊತ್ತಿತ್ತು. 1907ರಲ್ಲಿ, ಹಿಂದೆ ಬೋಯರ್ ಗಣರಾಜ್ಯವಾಗಿದ್ದ ಟ್ರಾನ್ಸ್‌ವಾಲ್‌ನಲ್ಲಿ, ಬೋಯರ್ ಸೇನಾನಿಯಾಗಿದ್ದ ಬೋಥಾನೇ ಪ್ರಧಾನಿಯಾದ. 1910ರ ಮೇ 31ಕ್ಕೆ, ಅದೇ ತಾರೀಕಿಗೆ, ದಕ್ಷಿಣ ಆಫ್ರಿಕಾ ಒಕ್ಕೂಟ ಹುಟ್ಟಿತು. 1913ರಲ್ಲಿ ಭೂ ಕಾನೂನು ಬಂತು. ದೇಶದ ಬಹುಪಾಲು ಜನರಾದ ಆಫ್ರಿಕನ್ನರಿಗೆ ಶೇ. 7ರಷ್ಟು ಭೂಮಿ. ಅದರಾಚೆ ಕೊಂಡುಕೊಳ್ಳುವ ಹಾಗೇ ಇಲ್ಲ.

ನಮ್ಮವರ ಕಥೆಯೂ ಇದೆ. ಟ್ರಾನ್ಸ್‌ವಾಲ್‌ನಲ್ಲಿ ಅಂಗಡಿ ಇಟ್ಟಿದ್ದ ಭಾರತೀಯರು ಯುದ್ಧ ಶುರುವಾದಾಗ ಎಲ್ಲಾ ಬಿಟ್ಟು ಓಡಿಬಂದಿದ್ದರು. ಭಾರತೀಯರ ವಿರುದ್ಧ ಬೋಯರರು 1885ರಲ್ಲಿ ಮಾಡಿದ್ದ ಕಾನೂನು ತೋರಿಸಿ, ಯುದ್ಧಕ್ಕೆ ಮುಂಚೆ ಬ್ರಿಟಿಷ್ ಮಂತ್ರಿಗಳು ಬಹಳ ಸಿಟ್ಟಾಗಿದ್ದರು. ಬ್ರಿಟಿಷ್ ಪ್ರಜೆಯಾಗಿ ಹಕ್ಕು ಕೇಳುವವರಿಗೆ ಕರ್ತವ್ಯವೂ ಇದೆ ಅಂತ ಗಾಂಧಿ ಸುಮಾರು 1,100 ಭಾರತೀಯರ ಆಂಬುಲೆನ್ಸ್ ದಳ ಕಟ್ಟಿದರು. ಸ್ಪಿಯಾನ್ ಕಾಪ್ ಗುಡ್ಡದ ಕದನದಲ್ಲಿ ಗಾಯಾಳುಗಳನ್ನು ಹೊತ್ತರು. ಯುದ್ಧ ಮುಗಿಯಿತು. ಯುರೋಪಿಯನ್ನರಿಗೆ ಕೇಳಿದ ತಕ್ಷಣ ವಾಪಸ್ ಹೋಗಲು ಪರ್ಮಿಟ್. ಭಾರತೀಯರಿಗೆ ಬೇರೆ ಇಲಾಖೆ, ಬೇರೆ ಸಾಲು, ಮಧ್ಯೆ ಲಂಚ. ಆ 1885ರ ಕಾನೂನು ಬ್ರಿಟಿಷರ ಕೈಯಲ್ಲಿ ಇನ್ನೂ ಬಿಗಿಯಾಯಿತು. ವಸಾಹತು ಮಂತ್ರಿ ಚೇಂಬರ್ಲಿನ್ ಬಂದಾಗ ಗಾಂಧಿ ಮನವಿ ಕೊಟ್ಟರು. ಆತ ಬಂದದ್ದು ದಕ್ಷಿಣ ಆಫ್ರಿಕಾದಿಂದ ಮೂರೂವರೆ ಕೋಟಿ ಪೌಂಡ್ ಪಡೆಯಲು, ಇಂಗ್ಲಿಷರ ಮತ್ತು ಬೋಯರರ ಮನಸ್ಸು ಗೆಲ್ಲಲು, ಹಾಗಾಗಿ ನಮ್ಮನ್ನು ಕೇರ್ ಮಾಡಲಿಲ್ಲ ಅನ್ನುವ ಅರ್ಥದಲ್ಲಿ ಗಾಂಧಿ ಮುಂದೆ ಬರೆದುಕೊಂಡಿದ್ದಾರೆ. ಒಂದು ಕೈಯಿಂದ 30 ಲಕ್ಷ ಕೊಟ್ಟವರು ಇನ್ನೊಂದು ಕೈ ಚಾಚಿದ್ದು ನಿಮ್ಮ ಪತ್ರದಲ್ಲಿ ಇಲ್ಲ, ಅಲ್ವಾ?

ಈಗ ನಮ್ಮ ಸರ್ಕಾರಗಳು ಕಲಿಯಬೇಕು ಅಂದಿರಿ. ಸಾಹೇಬರೇ, ಕಲಿತಾಗಿದೆ! ನಾನು ವರದಿಗಾರನಾಗಿದ್ದಾಗ ಕೃಷ್ಣಾ ದಂಡೆಯ ಒಂದು ಹಳ್ಳಿಗೆ ಪ್ರವಾಹ ಇಳಿದ ಮೇಲೆ ಹೋಗಿದ್ದೆ. ಯಾವ ತಾಲ್ಲೂಕು ಅಂತ ಕೇಳಬೇಡಿ. ಒಬ್ಬ ಮುದುಕಿ ಎಮ್ಮೆ ಕಟ್ಟುತ್ತಿದ್ದ ಹಗ್ಗದ ತುಂಡನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಕಚೇರಿಗೆ ಬಂದಿದ್ದಳು. ಎಮ್ಮೆಯ ಪೋಸ್ಟ್‌ಮಾರ್ಟಂ ವರದಿ ಇಲ್ಲದೆ ಪರಿಹಾರ ಇಲ್ಲ ಅಂತ ಗುಮಾಸ್ತ. ‘ಹೊಳಿ ಒಯ್ದೈತ್ರಿ, ಹೆಣ ಎಲ್ಲಿಂದ ತರ್ಲಿ?’ ಅಂತ ಅವಳು. ಹೊಲದ ಬೆಳೆ ಹೋಗಿದ್ದಕ್ಕೂ ಏನೂ ಇಲ್ಲ. ಪಹಣಿ ಧಣಿಯ ಹೆಸರಲ್ಲಿ, ಧಣಿ ಇರುವುದು ಪುಣೆಯಲ್ಲಿ. ಬಿತ್ತಿದವಳು ಇವಳು, ಚೆಕ್ ಹೋದದ್ದು ಅಲ್ಲಿಗೆ. ಗುಮಾಸ್ತ ಕೆಟ್ಟವನಲ್ಲ, ಅವಳಿಗೆ ಚಹಾ ತರಿಸಿಕೊಟ್ಟ. ನಿಯಮ ಹಾಗಿತ್ತು. ನೀವೂ ಅಂಥ ಕುರ್ಚಿಯಲ್ಲಿ ಕೂತು ಅಂಥ ಅರ್ಜಿಗಳ ಮೇಲೆ ಷರಾ ಬರೆದಿರುತ್ತೀರಿ. ಮನಸ್ಸಿಲ್ಲದೆಯೇ ಬರೆದಿರುತ್ತೀರಿ ಅಂತ ನಿಮ್ಮ ಪತ್ರ ಓದಿದರೆ ಗೊತ್ತಾಗುತ್ತದೆ.

ಆದ್ದರಿಂದ ಲೇಖನಮಾಲೆಯನ್ನು ನಾನು ಬರೆಸುವುದಿಲ್ಲ, ನೀವೇ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಎಂಟನೇ ಕಲಮು, ಹತ್ತನೇ ಕಲಮು ಎರಡನ್ನೂ ಅಕ್ಕಪಕ್ಕ ಕನ್ನಡದಲ್ಲಿ ಹಾಕುತ್ತೇವೆ. ಕೆಳಗೆ ನಿಮ್ಮ ಷರಾ. 800 ಪದ ಮೀರದ ಹಾಗೆ ನೋಡಿಕೊಳ್ಳಿ, 15ನೇ ತಾರೀಕಿನೊಳಗೆ ಕಳಿಸಿ. ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಿರಿ. ನಮ್ಮ ಡಿಟಿಪಿ ಹುಡುಗ ಹಿಂದುಗಡೆ ತಿರುಗಿಸಿ ನೋಡುವುದೇ ಇಲ್ಲ.

— ಸಂ.