ಮೂವತ್ತು ದಿನದ ಲೆಕ್ಕ

ಅಕ್ಕಾವರೇ,

ಜಮಖಂಡಿ ಹತ್ತಿರದ ಹಳ್ಳಿಯಿಂದ ನೀವು ಬರೆದ ಪತ್ರ ಮುಟ್ಟಿತು. ಯಾರೋ ಬೈತಾರೆ ಅಂತ ನಿಮ್ಮ ತಮ್ಮ ರಾತ್ರಿಯೆಲ್ಲ ಒಬ್ಬನೇ ಮಾತಾಡುತ್ತಾನೆ. ಒಮ್ಮೆ ಕುಡಗೋಲು ಹಿಡಿದು ಅಪ್ಪನ ಮೇಲೆ ಹೋಗಿದ್ದಾನೆ. ಎರಡು ವಾರದಿಂದ ಮೇವಿನ ಕೋಣೆಯಲ್ಲಿಟ್ಟು ಬೀಗ ಹಾಕಿದ್ದೀರಿ. 'ಹೊಸ ಕಾಯ್ದೆ ಬಂದ ಮೇಲೆ ಒಪ್ಪದವರನ್ನು ಆಸ್ಪತ್ರೆಗೆ ಸೇರಿಸೋಕೆ ಬರಲ್ವಂತೆ, ಕೋರ್ಟಿಗೆ ಹೋಗಬೇಕಾ?' ಅಂತ ಕೇಳಿದ್ದೀರಿ.

ಸೇರಿಸಬಹುದು. ಕೋರ್ಟಿಗೆ ಹೋಗಬೇಕಿಲ್ಲ. ಮ್ಯಾಜಿಸ್ಟ್ರೇಟರ ಆದೇಶ ತರುವ ಪದ್ಧತಿ 1987ರ ಕಾಯ್ದೆಯದು. 2018ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರಲ್ಲಿ ದಾರಿ ಬೇರೆ. ತಮ್ಮ ಮೊದಲೇ ಯಾರ ಹೆಸರನ್ನೂ ಬರೆದುಕೊಟ್ಟಿಲ್ಲ ಅಂದರೆ ಸಂಬಂಧಿಕರಾದ ನೀವೇ ಅವನ ಪ್ರತಿನಿಧಿಯಾಗಿ ಅರ್ಜಿ ಕೊಡಬಹುದು. ಒಬ್ಬ ಮನೋವೈದ್ಯರು, ಜೊತೆಗೆ ಇನ್ನೊಬ್ಬ ವೈದ್ಯರು ಅಥವಾ ಮಾನಸಿಕ ಆರೋಗ್ಯ ತಜ್ಞರು ಬೇರೆ ಬೇರೆಯಾಗಿ ನೋಡಬೇಕು. ತನಗೆ ಅಪಾಯ ಮಾಡಿಕೊಳ್ಳುತ್ತಾನೆ, ಬೇರೆಯವರ ಮೇಲೆ ಹೋಗುತ್ತಾನೆ, ಇಲ್ಲವೇ ತನ್ನನ್ನು ತಾನೇ ನೋಡಿಕೊಳ್ಳಲಾರದೆ ಅಪಾಯದಲ್ಲಿದ್ದಾನೆ ಅಂತ ಇಬ್ಬರಿಗೂ ಕಾಣಬೇಕು. ಆಗ 30 ದಿನದವರೆಗೆ ಸೇರಿಸಿಕೊಳ್ಳುತ್ತಾರೆ.

'ಒಂದು ಸಹಿ ಹಾಕಿ ಧಾರವಾಡಕ್ಕ ಬಿಟ್ಟು ಬಾ, ಕಾಟ ತಪ್ತದ' ಅಂದರಂತೆ ನಿಮ್ಮ ಮಾವ. ಆ ಮಾತಿಗೆ ಈ ಕಾಯ್ದೆಯಲ್ಲಿ ಜಾಗವೇ ಇಲ್ಲ. ಸೇರಿಸಿದ 7 ದಿನದೊಳಗೆ ಆಸ್ಪತ್ರೆಯವರು ಪರಿಶೀಲನಾ ಮಂಡಳಿಗೆ, ಅಂದರೆ ರೋಗಿಯನ್ನು ಹೀಗೆ ಇಟ್ಟಿದ್ದು ಸರಿಯೇ ಅಂತ ನೋಡುವ ಮಂಡಳಿಗೆ, ತಿಳಿಸಲೇಬೇಕು. ಹೆಣ್ಣುಮಕ್ಕಳು, ಚಿಕ್ಕ ಮಕ್ಕಳಾದರೆ 3 ದಿನ. ಇಟ್ಟಿದ್ದು ಸರಿಯಲ್ಲ ಅಂತ ತಮ್ಮನೇ ಮಂಡಳಿಗೆ ಬರೆಯಬಹುದು, ಅದಕ್ಕೆ ವಕೀಲರ ನೆರವು ಪುಕ್ಕಟೆ ಸಿಗುತ್ತದೆ. 30 ದಿನ ದಾಟಿಸಬೇಕಾದರೆ ಇಬ್ಬರು ಮನೋವೈದ್ಯರು ಹೊಸದಾಗಿ ನೋಡಿ, ಮಂಡಳಿ ಒಪ್ಪಬೇಕು. ನಡುವೆ ಸುಧಾರಿಸಿದರೆ ಹಿಡಿದಿಡುವಂತಿಲ್ಲ. ಈ ಲೆಕ್ಕ ಮನೆಯವರಿಗೆ ಕಿರಿಕಿರಿ ಅನ್ನಿಸಬಹುದು. ಆದರೆ ಒಳಗೆ ಮಲಗಿದವನಿಗೆ ಅದೊಂದೇ ಆಸರೆ, ಅಲ್ವಾ?

ನನಗೆ ಜಾಸ್ತಿ ಸಂಕಟವಾದದ್ದು ನಿಮ್ಮ ಪತ್ರದ ಇನ್ನೊಂದು ಸಾಲು ಓದಿ. 'ಕದದ ಸಂದಿಯಿಂದ ರೊಟ್ಟಿ ಸರಿಸ್ತೀನಿ, ಒಮ್ಮೊಮ್ಮೆ ಬೆರಳು ಕಾಣ್ತಾವ.' ಚಿಕ್ಕವನಿದ್ದಾಗ ವಿಜಯಪುರದ ನಮ್ಮ ಓಣಿಯಲ್ಲಿ ಒಬ್ಬರನ್ನು ಎಮ್ಮೆಯ ಪಕ್ಕದ ಗೂಟಕ್ಕೆ ಕಟ್ಟಿದ್ದರು. ಹಗ್ಗ ಉಜ್ಜಿ ಕಾಲಿನ ಚರ್ಮ ಎದ್ದಿತ್ತು. ನಾವು ಹುಡುಗರು ದಿನಾ ನೋಡಿಕೊಂಡೇ ಸಾಲಿಗೆ ಹೋಗುತ್ತಿದ್ದೆವು. 2001ರ ಆಗಸ್ಟಿನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇಟ್ಟಿದ್ದ ಜಾಗಕ್ಕೆ ಬೆಂಕಿ ಬಿದ್ದಾಗ, ಸರಪಳಿ ಬಿಗಿದಿದ್ದಕ್ಕೆ ಓಡಲಾಗದೆ 28 ಜನ ಸತ್ತರು. ಸರಪಳಿ ಹಾಕುವುದನ್ನು ಈಗಿನ ಕಾಯ್ದೆ ಪೂರ್ತಿ ನಿಷೇಧಿಸಿದೆ. ಮನೆಯಲ್ಲಿ ಇಂಥವರನ್ನು ಹಿಂಸಿಸುತ್ತಿದ್ದಾರೆ, ಆರೈಕೆ ಮಾಡುತ್ತಿಲ್ಲ ಅಂತ ಗೊತ್ತಾದರೆ ಠಾಣೆಯ ಅಧಿಕಾರಿ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು. ಹೆದರಿಸೋಕೆ ಹೇಳುತ್ತಿಲ್ಲ ಅಕ್ಕಾ. ನೀವು ಬೀಗ ಹಾಕಿದ್ದು ಬೇರೆ ದಾರಿ ಕಾಣದೆ ಅಂತ ನನಗೆ ಗೊತ್ತು.

ನಾಳೆಯೇ ತಾಲೂಕು ಆಸ್ಪತ್ರೆಗೆ ಹೋಗಿ. ತುರ್ತು ಇದ್ದರೆ ಮನೋವೈದ್ಯರೇ ಬೇಕೆಂದಿಲ್ಲ, ಯಾವುದೇ ನೋಂದಾಯಿತ ವೈದ್ಯರು 72 ಗಂಟೆಯವರೆಗೆ ಚಿಕಿತ್ಸೆ ಕೊಡಬಹುದು. ಅವನನ್ನು ಕರೆದೊಯ್ಯುವುದು ಹೇಗೆ ಅಂತ ಮೊದಲೇ ಕೇಳಬೇಕಾದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡುತ್ತಾರೆ. ಸೇರಿಸಿ ಬಂದ ಮೇಲೆ ತಾರೀಖು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ವಾರಕ್ಕೊಮ್ಮೆ ಹೋಗಿ ನೋಡಿ. ಆ ಮೇವಿನ ಕೋಣೆ ಖಾಲಿಯಾದ ದಿನ ನಮಗೊಂದು ಕಾರ್ಡು ಬರೆಯಿರಿ.

— ಸಂಪಾದಕ