ಗಾಳದ ಗುಂಡಿಗೆ ಪೌಡರ್ ಕೋಟಿಂಗ್: ಓದುಗರ ಪ್ರಶ್ನೆ, ಶೆಡ್ಡಿನಿಂದ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಸೀಸದ ಬಗ್ಗೆಯೇ, ಅದರಲ್ಲೂ ಗಾಳ ನೀರಲ್ಲಿ ಮುಳುಗಲೆಂದು ದಾರಕ್ಕೆ ಕಟ್ಟುವ ಸೀಸದ ಗುಂಡಿನ ಬಗ್ಗೆ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ ಟ್ರಾಲಿಂಗ್ (ಬೋಟಿನಿಂದ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ ಅಲ್ವಾ. ಬೋಟು ದಡ ಸೇರಿದ ಮೇಲೆ ಬಲೆ ಹೊಲಿಯುವುದು, ಗಾಳ ಸರಿಮಾಡುವುದು ಎಲ್ಲ ಶುರುವಾಗುತ್ತದೆ. ನಾನು ಗೇಟು, ಕಿಟಕಿ, ಗ್ರಿಲ್ಲುಗಳಿಗೆ ಪೌಡರ್ ಕೋಟಿಂಗ್ ಮಾಡುವವಳು, ಅಂದರೆ ಬಣ್ಣದ ಒಣ ಪುಡಿಯನ್ನು ಲೋಹಕ್ಕೆ ಅಂಟಿಸಿ ಓವನ್ನಿನಲ್ಲಿ ಬೇಯಿಸುವವಳು. ಮನೆಯಲ್ಲಿ ಮೀನು ಹಿಡಿಯುವವರೂ ಇದ್ದಾರೆ. ಹಾಗಾಗಿ ಈ ಪ್ರಶ್ನೆಗಳಿಗೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ಪ್ರಶ್ನೆ: ಅಕ್ಕಾ, ನಾನು ಶಿರಿಯ ಅಳಿವೆಯಲ್ಲಿ ಗಾಳ ಹಾಕುವವ. ಹಳೆ ಸೀಸ ಕರಗಿಸಿ ಗುಂಡುಗಳನ್ನು ನಾನೇ ಎರಕ ಹೊಯ್ಯುತ್ತೇನೆ. ಹೊರದೇಶದವರೊಬ್ಬರು ಮನೆಯಲ್ಲಿ ಮಾಡಿದ ಕೋವಿ ಗುಂಡುಗಳಿಗೆ ಪೌಡರ್ ಕೋಟಿಂಗ್ ಮಾಡುವ ವಿಡಿಯೋ ನೋಡಿದೆ. ಗಾಳದ ಗುಂಡಿಗೂ ಹಾಗೆ ಮಾಡಬಹುದಾ? ಓವನ್ನಿನಲ್ಲಿ ಇಟ್ಟರೆ ಸೀಸವೇ ಕರಗಿ ಹೋಗುವುದಿಲ್ವಾ? (ಕುಂಬಳೆಯಿಂದ)

ಉತ್ತರ: ಮಾಡಬಹುದು. ಶುದ್ಧ ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ಗೆ. ಕಿಟಕಿಗೆ ಹಾಕುವ ಸಾಮಾನ್ಯ ಪಾಲಿಯೆಸ್ಟರ್ ಪೌಡರ್ ಬೇಯಲು 180ರಿಂದ 200 ಡಿಗ್ರಿ ಸಾಕು, 10ರಿಂದ 20 ನಿಮಿಷ. ನಡುವೆ ಬೇಕಾದಷ್ಟು ಅಂತರ ಇದೆ.

ಆದರೆ ನಿಮ್ಮ ಸೀಸ ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡಿ. ಗುಜರಿಯಲ್ಲಿ ಸಿಗುವುದೆಲ್ಲ ಬರೀ ಸೀಸ ಅಲ್ಲ. ರೇಡಿಯೋ ರಿಪೇರಿಯವರ ಬೆಸುಗೆ ತಂತಿ ಅದರಲ್ಲಿ ಸೇರಿದ್ದರೆ ಜಾಗ್ರತೆ. 63 ಪಾಲು ತವರ, 37 ಪಾಲು ಸೀಸ ಇರುವ ಬೆಸುಗೆ 183 ಡಿಗ್ರಿಗೇ ನೀರಾಗುತ್ತದೆ. ಅಂಥದ್ದು ಜಾಸ್ತಿ ಬೆರೆತಿದ್ದರೆ ಗುಂಡು ಓವನ್ನಿನಲ್ಲೇ ಆಕಾರ ಕಳೆದುಕೊಳ್ಳುತ್ತದೆ. ಹಳೇ ಪ್ರೆಸ್ಸುಗಳ ಅಚ್ಚುಮೊಳೆಯಲ್ಲೂ ಸೀಸದ ಜೊತೆ ತವರ, ಆಂಟಿಮನಿ ಎಂಬ ಲೋಹ ಇರುತ್ತವೆ. ಅದು 240 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗಲು ಶುರು. ಕೋಟಿಂಗಿನ ಶಾಖವನ್ನು ಅದು ತಡೆದುಕೊಳ್ಳುತ್ತದೆ, ಆದರೆ ಓವನ್ನಿನ ತಿರುಗಿಸುವ ಗುಂಡಿಯ ಮೇಲಿರುವ ಅಂಕಿಯನ್ನು ನಂಬಬೇಡಿ. ಸಣ್ಣ ಓವನ್ನುಗಳಲ್ಲಿ ಶಾಖ ತುಂಬಾ ಏರಿಳಿಯುತ್ತದೆ. ಒಳಗೆ ಬೇರೆ ಥರ್ಮಾಮೀಟರ್ ಇಡಿ.

ವಾಹನದ ಬ್ಯಾಟರಿ ಮಾತ್ರ ಬೇಡವೇ ಬೇಡ. ಅದರಲ್ಲಿ ಗಂಧಕಾಮ್ಲ ಇದೆ. ಫಲಕಗಳಲ್ಲಿ ಆರ್ಸೆನಿಕ್, ಆಂಟಿಮನಿ ಇರಬಹುದು, ಅವುಗಳಿಂದ ವಿಷದ ಅನಿಲ ಹುಟ್ಟುತ್ತದೆ. ಹಳೆ ಬ್ಯಾಟರಿಯನ್ನು ಮಾರಿದ ಅಂಗಡಿಗೇ ವಾಪಸ್ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಅವನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಿಸಿದವರದ್ದು.

ಇನ್ನು ಕೆಲಸದ ವಿಷಯ. ಹೊಸದಾಗಿ ಹೊಯ್ದ, ಇನ್ನೂ ಹೊಳೆಯುತ್ತಿರುವ ಗುಂಡಿಗೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ತಿಂಗಳುಗಟ್ಟಲೆ ಬಿದ್ದು ಬೂದಿ ಬಣ್ಣ ಬಂದದ್ದಕ್ಕೆ ಹಿಡಿಯುವುದಿಲ್ಲ. ಹಾಗೆಂದು ಒಣ ಸ್ಯಾಂಡ್ ಪೇಪರಿನಲ್ಲಿ ಉಜ್ಜಬೇಡಿ. ಆ ಧೂಳು ಸೀಸದ ಧೂಳು. ಅಂಥ ಹಳೆ ಗುಂಡನ್ನು ಮತ್ತೆ ಕರಗಿಸುವ ಸಾಮಾನಿಗೆ ಹಾಕಿಬಿಡಿ. ಹೊಸ ಗುಂಡನ್ನು ಗ್ಲೌಸ್ ಹಾಕಿಕೊಂಡು ಅಸಿಟೋನಿನಲ್ಲಿ (ಎಣ್ಣೆ, ಬಣ್ಣ ಕರಗಿಸುವ ದ್ರವ) ಒರೆಸಿ, ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಎಣ್ಣೆ ತಾಗಿದ ಕಡೆ ಪೌಡರ್ ಎದ್ದು ಬರುತ್ತದೆ.

ಎರಕದ ಒಳಗೆ ಗಾಳಿಯ ಸಣ್ಣ ಗುಳ್ಳೆಗಳು ಉಳಿದಿರುತ್ತವೆ. ಬಿಸಿಯಾದಾಗ ಆ ಗಾಳಿ ಹೊರಗೆ ಬಂದು ಬಣ್ಣದಲ್ಲಿ ಸೂಜಿತೂತು ಮಾಡುತ್ತದೆ. ಅದಕ್ಕೆ ಬಣ್ಣ ಹಾಕುವ ಮೊದಲೇ ಒಮ್ಮೆ, ಬೇಯಿಸುವ ಶಾಖಕ್ಕಿಂತ ಸ್ವಲ್ಪ ಜಾಸ್ತಿ ಬಿಸಿ ಮಾಡಿ ತಣಿಸಬೇಕು. ಈ ಒಂದು ಹಂತವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಬಿಡಬೇಡಿ.

ನಮ್ಮ ಶೆಡ್ಡಿನಲ್ಲಾದರೆ ಗುಂಡುಗಳನ್ನು ತಂತಿಯಲ್ಲಿ ನೇತುಹಾಕಿ, ಅರ್ತ್ ಕೊಟ್ಟು, ಸ್ಪ್ರೇ ಗನ್ನಿನಲ್ಲಿ ಪೌಡರ್ ಊದುತ್ತೇವೆ. ವಿದ್ಯುತ್ ಸೆಳೆತಕ್ಕೆ ಪೌಡರ್ ಹೋಗಿ ಅಂಟುತ್ತದೆ. ಮನೆಯಲ್ಲಿ ಮಾಡುವವರು ಹೀಟ್ ಗನ್ನಿನಲ್ಲಿ ಗುಂಡನ್ನು ಬಿಸಿ ಮಾಡಿ, ಪೌಡರಿನಲ್ಲಿ ಒಮ್ಮೆ ಸರಕ್ಕನೆ ಎಳೆದು ತೆಗೆಯುತ್ತಾರೆ. ನಿಧಾನ ಮಾಡಿದರೆ ಪದರ ದಪ್ಪವಾಗಿ ಗಡ್ಡೆ ಕಟ್ಟುತ್ತದೆ. 60ರಿಂದ 80 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಸಾಕು. ದಾರ ಕಟ್ಟುವ ಕಣ್ಣಿನಲ್ಲಿ ಪೌಡರ್ ತುಂಬಿದ್ದರೆ ಬೇಯಿಸುವ ಮೊದಲೇ ಸೂಜಿಯಿಂದ ಬಿಡಿಸಿ. ಓವನ್ನಿನ ಗಾಳಿ ಬಿಸಿಯಾದ ಹೊತ್ತಿನಿಂದ ನಿಮಿಷ ಎಣಿಸಬೇಡಿ, ಗುಂಡೇ ಆ ಶಾಖಕ್ಕೆ ಬಂದ ಮೇಲೆ ಎಣಿಸಿ. ದೊಡ್ಡ ಗುಂಡಿಗೆ ಇದರಲ್ಲಿ ತುಂಬಾ ವ್ಯತ್ಯಾಸ ಬರುತ್ತದೆ.

ಬೆಂದಿದೆಯಾ ಎಂದು ನೋಡುವುದು ಸುಲಭ. ತಣ್ಣಗಾದ ಮೇಲೆ ಬಿಳಿ ಬಟ್ಟೆಗೆ ಅಸಿಟೋನ್ ಹಾಕಿ ತಿಕ್ಕಿ. ಬಟ್ಟೆಗೆ ಬಣ್ಣ ಚೆನ್ನಾಗಿ ಇಳಿದರೆ ಇನ್ನೂ ಬೆಂದಿಲ್ಲ. ಒಂದನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ. ಸೀಸದ ಜೊತೆ ಬಣ್ಣವೂ ಹಿಗ್ಗಿದರೆ ಸರಿ, ಹೊಪ್ಪಳೆ ಎದ್ದರೆ ಸರಿಯಾಗಿಲ್ಲ.

ಓವನ್ ಅಡುಗೆಯದ್ದಾಗಿರಬಾರದು. ಒಮ್ಮೆ ಸೀಸ ಹೊಕ್ಕ ಓವನ್ನಿನಲ್ಲಿ ಮತ್ತೆ ಎಂದೂ ಕೇಕು ಮಾಡಬಾರದು. ಪೌಡರ್ ಗಾಳಿಯಲ್ಲಿ ಹಾರಾಡುವಾಗ ಹತ್ತಿರ ಬೆಂಕಿ ಬೇಡ, ಆ ಧೂಳು ಹೊತ್ತಿಕೊಳ್ಳುತ್ತದೆ. ಮಾಸ್ಕ್ ಹಾಕಿ. ಮಳೆಗಾಲದಲ್ಲಿ ನಮ್ಮ ಕಡೆಯ ತೇವಕ್ಕೆ ಪೌಡರ್ ಉಂಡೆ ಕಟ್ಟುತ್ತದೆ, ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ.

ಪ್ರಶ್ನೆ: ನಮ್ಮ ತೋಟಕ್ಕೆ ಹಂದಿ ಕಾಟ. ಅಪ್ಪನ ಹೆಸರಿನಲ್ಲಿ ಲೈಸೆನ್ಸ್ ಕೋವಿ ಇದೆ. ಅದಕ್ಕೆ ಗುಂಡು ನಾವೇ ಮಾಡಿ ಕೋಟಿಂಗ್ ಮಾಡಿಸಬಹುದಾ? (ಮುಳ್ಳೇರಿಯದಿಂದ)

ಉತ್ತರ: ಬೇಡ. ನಾನು ಮಾಡಿಕೊಡುವುದೂ ಇಲ್ಲ. ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ಬೇರೆ, ಮದ್ದುಗುಂಡು ತಯಾರಿಸುವ ಲೈಸೆನ್ಸ್ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಇದನ್ನೇ ಹೇಳುತ್ತದೆ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಇಲ್ಲದೆ ತಯಾರಿಸಿದರೆ ಕನಿಷ್ಠ 7 ವರ್ಷ ಜೈಲು, ಜೀವಾವಧಿಯವರೆಗೂ ಹೋಗಬಹುದು. ಮೇಲಿನ ಪತ್ರದವರು ವಿಡಿಯೋದಲ್ಲಿ ಕಂಡದ್ದು ಬೇರೆ ದೇಶದ ಕಾನೂನಿನಲ್ಲಿ ನಡೆಯುವ ಕೆಲಸ. ಮೆತ್ತಗಿನ ಸೀಸ ನಳಿಗೆಯ ಒಳಗೆ ಉಜ್ಜಿ ಅಂಟಿಕೊಳ್ಳುತ್ತದೆ, ಅದನ್ನು ತಪ್ಪಿಸಲು ಅಲ್ಲಿನವರು ಮೊದಲು ಮೇಣ, ಗ್ರೀಸು ಹಚ್ಚುತ್ತಿದ್ದರು, ಈಗ ಕೆಲವರು ಪೌಡರ್ ಹಾಕುತ್ತಾರೆ. ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ನೆಟ್ಟ ಗೆಡ್ಡೆಯನ್ನು ಹಂದಿ ಒಂದೇ ರಾತ್ರಿಯಲ್ಲಿ ಅಗೆದು ಹಾಕಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. 2022ರಲ್ಲಿ ಕೇರಳ ಸರಕಾರ ಕಾಟ ಕೊಡುವ ಕಾಡುಹಂದಿ ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಪಂಚಾಯತ್ ಅಧ್ಯಕ್ಷರಿಗೇ ಕೊಟ್ಟಿದೆ. ಪಂಚಾಯತ್ತಿಗೆ ಅರ್ಜಿ ಕೊಡಿ, ಈಗ ಯಾವ ನಿಯಮ ಇದೆ ಎಂದು ಅಲ್ಲೇ ಕೇಳಿ. ತೋಟಾ ಬೇಕಿದ್ದರೆ ಲೈಸೆನ್ಸ್ ಇರುವ ಅಂಗಡಿಯಿಂದಲೇ ತನ್ನಿ.

ಪ್ರಶ್ನೆ: ಬೀಸುಬಲೆಯ ಅಂಚಿನ ಸೀಸದ ಮಣಿಗಳಿಗೂ ಕೋಟಿಂಗ್ ಹಾಕಿಸಬೇಕೆಂದಿದ್ದೇನೆ. ಬಲೆ ಸಮೇತ ತಂದರೆ ಆಗುತ್ತದಾ? (ಮೊಗ್ರಾಲಿನಿಂದ)

ಉತ್ತರ: ಬಲೆ ಸಮೇತ ತರಬೇಡಿ ಮಾರಾಯ್ರೆ! ನೈಲಾನ್ 220 ಡಿಗ್ರಿಯ ಹೊತ್ತಿಗೆ ಕರಗುತ್ತದೆ. ಅದಕ್ಕಿಂತ ಎಷ್ಟೋ ಮೊದಲೇ ಬಲ ಕಳೆದುಕೊಳ್ಳುತ್ತದೆ. ಪೋಣಿಸುವ ಮೊದಲಾದರೆ ಆಗುತ್ತದೆ, ಆದರೆ ನನ್ನ ಅಭಿಪ್ರಾಯದಲ್ಲಿ ಬೀಸುಬಲೆಗೆ ಇದು ದುಡ್ಡು ದಂಡ. ಮಣಿಗಳು ಪ್ರತಿ ಸಲ ಮರಳು, ಕಲ್ಲು, ಚಿಪ್ಪಿನ ಮೇಲೆ ಎಳೆದು ಬರುತ್ತವೆ. ಬಣ್ಣ ಬೇಗ ಸುಲಿದು ಪ್ಲಾಸ್ಟಿಕ್ ಚೂರಾಗಿ ಹೊಳೆಗೇ ಬೀಳುತ್ತದೆ. ಗಾಳದ ಗುಂಡಿಗೆ ಅಷ್ಟು ಉಜ್ಜಾಟ ಇಲ್ಲ, ಅಲ್ಲಿ ಬಾಳುತ್ತದೆ.

ಪ್ರಶ್ನೆ: ಅಕ್ಕಾ, ನನ್ನ ಗಂಡ ಅಡುಗೆಮನೆಯ ಹಿಂದಿನ ಸೌದೆ ಒಲೆಯಲ್ಲಿ ಸೀಸ ಕರಗಿಸುತ್ತಾರೆ. ಮನೆಯಲ್ಲಿ 3 ವರ್ಷದ ಮಗು ಇದೆ. ಹೇಳಿದರೆ, 'ಇನ್ನು ಕೋಟಿಂಗ್ ಮಾಡಿಸುತ್ತೇನಲ್ಲ, ಮತ್ತೆ ಎಂಥ ಭಯ' ಎನ್ನುತ್ತಾರೆ. ನಿಜವಾ? (ಮಂಜೇಶ್ವರದಿಂದ)

ಉತ್ತರ: ನಿಜ ಅಲ್ಲ ತಂಗಿ. ಈ ಉತ್ತರವನ್ನು ಅವರಿಗೇ ಓದಿ ಹೇಳಿ.

ಕೋಟಿಂಗ್ ಮಾಡಿದ ಗುಂಡನ್ನು ಮುಟ್ಟಿದಾಗ ಕೈಗೆ ಸೀಸ ಹತ್ತುವುದು ಕಡಿಮೆಯಾಗುತ್ತದೆ. ಅಷ್ಟೇ ಅದರ ಉಪಕಾರ. ತೊಂದರೆ ಇರುವುದು ಅದಕ್ಕೂ ಮೊದಲು, ಕರಗಿಸುವಾಗ. ಕರಗಿದ ಸೀಸದ ಮೇಲೆ ಕಿಟ್ಟ ಕಟ್ಟುತ್ತದೆ ಅಲ್ವಾ, ಅದನ್ನು ಚಮಚದಲ್ಲಿ ತೆಗೆದು ಪಕ್ಕಕ್ಕೆ ಸುರಿಯುವಾಗ ಹಳದಿ, ಬೂದಿ ಬಣ್ಣದ ಹುಡಿ ಏಳುತ್ತದೆ. ಆ ಹುಡಿ ನೆಲದಲ್ಲಿ, ಬಟ್ಟೆಯಲ್ಲಿ, ತಲೆಕೂದಲಲ್ಲಿ ಕೂರುತ್ತದೆ. ಮಗು ನೆಲದಲ್ಲಿ ಆಡಿ ಕೈ ಬಾಯಿಗೆ ಹಾಕುತ್ತದೆ. ಸೌದೆ ಒಲೆಯಲ್ಲಿ ಬೆಂಕಿ ಹಿಡಿತದಲ್ಲಿ ಇರುವುದಿಲ್ಲ, ಶಾಖ ಏರಿದಷ್ಟೂ ಹೊಗೆಯಲ್ಲಿ ಸೀಸ ಜಾಸ್ತಿ. ಒದ್ದೆ ಸೀಸದ ತುಂಡು ಕರಗಿದ ಸೀಸಕ್ಕೆ ಬಿದ್ದರೆ ನೀರು ಒಮ್ಮೆಲೇ ಆವಿಯಾಗಿ ಸೀಸವನ್ನು ಸಿಡಿಸುತ್ತದೆ. ಈ ಮಳೆಯಲ್ಲಿ ಹೊರಗೆ ಬಿದ್ದಿದ್ದ ಸೀಸ ಒಣಗಿದಂತೆ ಕಂಡರೂ ಒಳಗೆ ಪಸೆ ಇರುತ್ತದೆ. ಮಾಡಿನಿಂದ ಒಂದು ಹನಿ ತೊಟ್ಟಿಕ್ಕಿದರೂ ಸಾಕು, ಮುಖ, ಕಣ್ಣು ಸುಟ್ಟುಹೋಗುತ್ತದೆ.

ದೊಡ್ಡವರ ದೇಹಕ್ಕೆ ಹೋಲಿಸಿದರೆ ಸಣ್ಣ ಮಕ್ಕಳ ದೇಹ ನುಂಗಿದ ಸೀಸವನ್ನು ನಾಲ್ಕೈದು ಪಟ್ಟು ಜಾಸ್ತಿ ಹೀರಿಕೊಳ್ಳುತ್ತದೆ. ಅದು ಮಿದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ. ಇಷ್ಟರೊಳಗೆ ಇದ್ದರೆ ಭಯವಿಲ್ಲ ಎನ್ನುವ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದಲ್ಲಿ 2000ದಲ್ಲಿ ಪೆಟ್ರೋಲಿನಿಂದ ಸೀಸ ತೆಗೆದದ್ದು, 2017ರ ನವೆಂಬರ್‌ನಿಂದ ಮನೆಗೆ ಹಚ್ಚುವ ಪೇಂಟಿನಲ್ಲಿ ಸೀಸಕ್ಕೆ 90 ಪಿಪಿಎಂ (10 ಲಕ್ಷ ಪಾಲಿನಲ್ಲಿ 90 ಪಾಲು) ಮಿತಿ ತಂದದ್ದು ಸುಮ್ನೆ ಅಲ್ಲ. ಅಷ್ಟೆಲ್ಲ ಮಾಡಿದ ಮೇಲೆ ಮನೆಯ ಹಿತ್ತಿಲಲ್ಲೇ ಕರಗಿಸುವುದು ಯಾಕೆ?

ಆದ್ದರಿಂದ ಮನೆಯಲ್ಲಿ ಕರಗಿಸುವುದು ಇಂದಿಗೇ ನಿಲ್ಲಲಿ. ಗುಂಡು ಅಂಗಡಿಯಲ್ಲಿ ಸಿಗುತ್ತದೆ. ಕಾಣೆ, ಇರ್ಪೆ ಮೀನುಗಳಿಗೆ ಗಾಳ ಹಾಕಲು ಕಬ್ಬಿಣದ ನಟ್ಟು ಕಟ್ಟಿದರೂ ನಡೆಯುತ್ತದೆ, ಗಾತ್ರ ಸ್ವಲ್ಪ ದೊಡ್ಡದಾಗುತ್ತದೆ ಅಷ್ಟೇ. ಬ್ರಿಟನ್ನಿನಲ್ಲಿ 1987ರಿಂದಲೇ ಗಾಳದ ಸಣ್ಣ ಸೀಸದ ಗುಂಡುಗಳಿಗೆ ನಿಷೇಧ ಇದೆ, ಅವನ್ನು ನುಂಗಿ ಹಂಸಗಳು ಸಾಯುತ್ತಿದ್ದವು. ಬಣ್ಣ ಹಚ್ಚಿದ್ದರೂ, ಮೇವು ಅರೆಯಲೆಂದು ಹಕ್ಕಿ ನುಂಗಿ ಹೊಟ್ಟೆಯಲ್ಲಿ ಇಟ್ಟುಕೊಂಡ ಕಲ್ಲುಗಳು ಅದನ್ನು ಅರೆದುಬಿಡುತ್ತವೆ.

ಒಲೆಯ ಸುತ್ತಲಿನ ಜಾಗವನ್ನು ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಆ ಒಲೆಯಲ್ಲಿ ಇನ್ನು ಅನ್ನ ಬೇಯಿಸಬೇಡಿ, ಅದರ ಬೂದಿಯನ್ನು ಪಾತ್ರೆ ತಿಕ್ಕಲು, ಗಿಡಕ್ಕೆ ಹಾಕಲು ಬಳಸಬೇಡಿ. ಗಂಡನ ಕೆಲಸದ ಬಟ್ಟೆ ಬೇರೆಯೇ ಒಗೆಯಿರಿ. ಮಗುವಿಗೆ ಹೊಟ್ಟೆನೋವು, ಮಲಬದ್ಧತೆ, ರಕ್ತಹೀನತೆ ಇದ್ದರೂ ಇಲ್ಲದಿದ್ದರೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮನೆಯಲ್ಲಿ ಸೀಸ ಕರಗಿಸುತ್ತಿದ್ದರು ಎಂದು ಬಿಡಿಸಿ ಹೇಳಿ, ರಕ್ತದಲ್ಲಿ ಸೀಸ ಎಷ್ಟಿದೆ ಎಂಬ ಪರೀಕ್ಷೆ ಮಾಡಿಸಿ. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮೂಲ ಹುಡುಕಿ ನಿಲ್ಲಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಸೂಚನೆ. ಹೊಟ್ಟೆ ತುಂಬಾ ಊಟ, ಹಾಲು, ರಾಗಿ, ಸೊಪ್ಪು ಕೊಡಿ. ಕಬ್ಬಿಣದ ಅಂಶ, ಕ್ಯಾಲ್ಸಿಯಂ ಸಾಕಷ್ಟಿದ್ದರೆ ದೇಹ ಸೀಸವನ್ನು ಹೀರುವುದು ಕಡಿಮೆಯಾಗುತ್ತದೆ. ಪರೀಕ್ಷೆಯ ಫಲಿತಾಂಶ ಬಂದ ಮೇಲೆ ನನಗೊಂದು ಸಾಲು ಬರೆಯಿರಿ.