‘ಬೇಸಿಕ್ ಅರ್ಧ ಮಾಡಿದರೆ ಸಾಕೇ?’: ಕಾರ್ಮಿಕ ಸಂಹಿತೆಗಳ ಕುರಿತು ಮಾಲೀಕರ ಪ್ರಶ್ನೆಗಳಿಗೆ ಉತ್ತರ

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಂದಿನಿಂದ ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಿವೆ. ಹಳೆಯ 29 ಕಾಯ್ದೆಗಳಲ್ಲಿ ಯಾವುದು ಯಾವ ಸಂಹಿತೆಯೊಳಗೆ ಸೇರಿತು ಎಂಬುದನ್ನು ಇಲ್ಲಿ ವಿವರಿಸುವುದಿಲ್ಲ; ಸಂಬಳ ಕೊಡುವ ಜವಾಬ್ದಾರಿ ಹೊತ್ತವರು ಅಷ್ಟನ್ನಾದರೂ ಓದಿಕೊಂಡಿರಬೇಕು.

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಮೆಷಿನಿಂಗ್ ಘಟಕವಿದೆ, 40 ಮಂದಿ ಕೆಲಸಗಾರರಿದ್ದಾರೆ. ಬೇಸಿಕ್ ಅನ್ನು ಒಟ್ಟು ಸಂಬಳದ ಶೇ 50ಕ್ಕೆ ಏರಿಸಲೇಬೇಕು, ಇಲ್ಲದಿದ್ದರೆ ದಂಡ ಬೀಳುತ್ತದೆ ಎಂದು ನಮ್ಮ ಕನ್ಸಲ್ಟೆಂಟ್ ಹೇಳುತ್ತಾರೆ. ಹೊಸ ಸ್ಯಾಲರಿ ಸ್ಟ್ರಕ್ಚರ್ ಮಾಡಿಕೊಡಲು ತಲೆಗಿಷ್ಟು ಎಂದು ಶುಲ್ಕವನ್ನೂ ಕೇಳಿದ್ದಾರೆ. ಏನು ಮಾಡಬೇಕು?

ಉತ್ತರ: ಮೊದಲಿಗೆ ಆ ಶುಲ್ಕ ಕೊಡಬೇಡಿ. ಬೇಸಿಕ್ ಅರ್ಧದಷ್ಟಿರಬೇಕು ಎಂದು ಸಂಹಿತೆಯಲ್ಲಿ ಎಲ್ಲಿಯೂ ಇಲ್ಲ. ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ, ಮಾಲೀಕರ ಪಿಎಫ್ ವಂತಿಗೆ, ಓವರ್‌ಟೈಮ್, ಕಮಿಷನ್ ಮುಂತಾದವನ್ನು ವೇತನದ ಲೆಕ್ಕದಿಂದ ಹೊರಗಿಟ್ಟು, ಹಾಗೆ ಹೊರಗಿಟ್ಟ ಬಾಬುಗಳ ಮೊತ್ತ ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದಷ್ಟನ್ನು ಮಾತ್ರ ವೇತನಕ್ಕೆ ಮರಳಿ ಸೇರಿಸಬೇಕು ಎಂಬುದಷ್ಟೇ ನಿಯಮ. ನಿಮ್ಮ ಪೇಸ್ಲಿಪ್ ಇದ್ದಂತೆಯೇ ಇರಬಹುದು. ಬದಲಾಗುವುದು ಗ್ರಾಚ್ಯುಟಿಯಂಥ (ಕೆಲಸ ಬಿಡುವಾಗ ಸೇವಾವಧಿಗೆ ತಕ್ಕಂತೆ ಕೊಡುವ ಇಡಿಗಂಟು) ಬಾಬುಗಳಿಗೆ ಆಧಾರವಾಗುವ ಮೊತ್ತ.

ಒಂದು ಲೆಕ್ಕ ನೋಡಿ. ತಿಂಗಳಿಗೆ ಒಟ್ಟು 36,000 ರೂಪಾಯಿ. ಅದರಲ್ಲಿ ಬೇಸಿಕ್ 15,000, ಮನೆ ಬಾಡಿಗೆ ಭತ್ಯೆ 12,000, ಪ್ರಯಾಣ ಭತ್ಯೆ 7,200, ಮಾಲೀಕರ ಪಿಎಫ್ ಪಾಲು 1,800. ಹೊರಗಿಟ್ಟ ಬಾಬುಗಳು 21,000 ಆದವು, ಅರ್ಧವೆಂದರೆ 18,000, ಮೀರಿದ್ದು 3,000. ಹಾಗಾಗಿ ಕಾನೂನಿನ ಕಣ್ಣಿಗೆ ಈ ನೌಕರನ ವೇತನ 18,000 ರೂಪಾಯಿ. ಹತ್ತು ವರ್ಷ ದುಡಿದು ಈಗ ಕೆಲಸ ಬಿಟ್ಟರೆ ಹಳೆಯ ಲೆಕ್ಕದಲ್ಲಿ 86,538 ರೂಪಾಯಿ ಗ್ರಾಚ್ಯುಟಿ ಬರುತ್ತಿತ್ತು, ಈಗ 1,03,846 ರೂಪಾಯಿ ಬರುತ್ತದೆ. ಗ್ರಾಚ್ಯುಟಿಯನ್ನು ಕೊನೆಯದಾಗಿ ಪಡೆದ ವೇತನದ ಮೇಲೆ ಪೂರ್ತಿ ಸೇವಾವಧಿಗೆ ಲೆಕ್ಕ ಹಾಕುವುದರಿಂದ, ಸಂಹಿತೆ ಬರುವ ಮುಂಚಿನ ವರ್ಷಗಳ ಹೊರೆಯೂ ಒಮ್ಮೆಗೇ ಹೆಚ್ಚುತ್ತದೆ. ಟಿಸಿಎಸ್, ಇನ್ಫೋಸಿಸ್‌ನಂಥ ಕಂಪನಿಗಳು 2025ರ ಡಿಸೆಂಬರ್ ತ್ರೈಮಾಸಿಕದಲ್ಲಿ ಸಾವಿರ ಕೋಟಿಗೂ ಮೀರಿದ ಮೊತ್ತವನ್ನು ಒಂದೇ ಬಾರಿಗೆ ಖರ್ಚು ತೋರಿಸಿದ್ದರ ಹಿಂದೆ ಮುಖ್ಯವಾಗಿ ಇದೇ ಕಾರಣವಿದೆ. ನಿಮ್ಮ ಘಟಕದಲ್ಲಿ ಮೊತ್ತ ಚಿಕ್ಕದು, ಲೆಕ್ಕ ಮಾತ್ರ ಅದೇ.

ಇನ್ನು ಕನ್ಸಲ್ಟೆಂಟರು ಸಾಮಾನ್ಯವಾಗಿ ಹೇಳದೆ ಬಿಡುವ ಸಂಗತಿಗೆ ಬರುತ್ತೇನೆ. ಮೇಲಿನ 7,200 ರೂಪಾಯಿಗೆ ಪ್ರಯಾಣ ಭತ್ಯೆಯ ಬದಲು ‘ಸ್ಪೆಷಲ್ ಅಲೋವೆನ್ಸ್’ ಎಂದು ಹೆಸರಿಟ್ಟಿದ್ದರೆ ಏನಾಗುತ್ತದೆ? ಹೊರಗಿಡುವ ಬಾಬುಗಳ ಪಟ್ಟಿಯಲ್ಲಿ ಆ ಹೆಸರೇ ಇಲ್ಲ. ಆದ್ದರಿಂದ ಅದು ಪೂರ್ತಿಯಾಗಿ ವೇತನಕ್ಕೆ ಸೇರಿ ವೇತನ 22,200 ಆಗುತ್ತದೆ, ಗ್ರಾಚ್ಯುಟಿ 1,28,077 ರೂಪಾಯಿಗೆ ಏರುತ್ತದೆ. ಅರ್ಧದ ಮಿತಿಯೊಳಗೇ ಇದ್ದೇವೆ ಎಂದು ನೆಮ್ಮದಿಯಾಗಿರುವ ಎಷ್ಟೋ ಘಟಕಗಳು ತಪ್ಪುವುದು ಇಲ್ಲಿಯೇ. ಹಾಗೆಂದು ನಾಳೆಯೇ ಸ್ಪೆಷಲ್ ಅಲೋವೆನ್ಸಿನ ಹೆಸರನ್ನು ಪ್ರಯಾಣ ಭತ್ಯೆ ಎಂದು ತಿದ್ದಲು ಹೋಗಬೇಡಿ. ಕಾರ್ಖಾನೆಯ ಪಕ್ಕದ ಬೀದಿಯಲ್ಲಿ ಮನೆ ಮಾಡಿಕೊಂಡಿರುವ ಟರ್ನರ್‌ಗೆ ಅಷ್ಟು ಪ್ರಯಾಣ ಭತ್ಯೆ ಏಕೆ ಎಂದು ತಪಾಸಣೆಗೆ ಬಂದವರು ಕೇಳಿದರೆ ಉತ್ತರಿಸಬೇಕಾದವರು ನೀವು, ನಿಮ್ಮ ಕನ್ಸಲ್ಟೆಂಟ್ ಅಲ್ಲ.

ಕೈಗೆ ಬರುವ ಸಂಬಳ ಕಡಿಮೆಯಾಗುತ್ತದೆ ಎಂಬ ವಾಟ್ಸ್‌ಆ್ಯಪ್ ಭೀತಿಯೂ ಬಹುಮಟ್ಟಿಗೆ ಪೊಳ್ಳು. ಪಿಎಫ್ ಅನ್ನು 15,000 ರೂಪಾಯಿಯ ಶಾಸನಬದ್ಧ ಮಿತಿಯ ಮೇಲೆಯೇ ಕಟ್ಟುತ್ತಿದ್ದರೆ, ವೇತನದ ಆಧಾರ 18,000 ಆದರೂ ಕಡಿತ 1,800 ರೂಪಾಯಿಯಲ್ಲಿಯೇ ನಿಲ್ಲುತ್ತದೆ. ಬದಲಿಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡೆ ಗಮನ ಕೊಡಿ. ಹಳೆಯ ಕಾಯ್ದೆಯಲ್ಲಿ ಮನೆ ಬಾಡಿಗೆ ಭತ್ಯೆಯೂ ವೇತನಕ್ಕೆ ಸೇರುತ್ತಿದ್ದುದರಿಂದ ಈ ನೌಕರ 21,000 ರೂಪಾಯಿಯ ಮಿತಿಯಿಂದ ಹೊರಗಿದ್ದ. ಹೊಸ ವ್ಯಾಖ್ಯೆಯಲ್ಲಿ ಅವನ ವೇತನ 18,000ಕ್ಕೆ ಇಳಿದು ಇಎಸ್‌ಐ ವ್ಯಾಪ್ತಿಗೆ ಬರುವ ಸಂಭವವಿದೆ, ಬಂದರೆ ನಿಮ್ಮ ಪಾಲು ಶೇ 3.25. ಕರ್ನಾಟಕದ 2024ರ ಕಡ್ಡಾಯ ಗ್ರಾಚ್ಯುಟಿ ವಿಮೆ ನಿಯಮಗಳ ಪ್ರಕಾರ ಪಾಲಿಸಿ ಮಾಡಿಸಿದ್ದರೆ, ವಿಮಾ ಕಂಪನಿಗೆ ಕೊಟ್ಟಿರುವ ವೇತನದ ವಿವರ ಹಳೆಯ ಬೇಸಿಕ್ಕಿನದೇ ಇರುತ್ತದೆ. ಅದನ್ನು ತಿದ್ದಿಸದಿದ್ದರೆ ಕಡಿಮೆ ಬಿದ್ದ ಹಣವನ್ನು ನಿಮ್ಮ ಜೇಬಿನಿಂದ ತುಂಬಬೇಕಾಗುತ್ತದೆ. ಪೇರೋಲ್ ನೋಡಿಕೊಳ್ಳುವ ಗುಮಾಸ್ತರನ್ನು ಕೂರಿಸಿಕೊಂಡು 40 ಹೆಸರುಗಳಿಗೂ ಇದೇ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆಸಿ. ಅರ್ಧ ದಿನದ ಕೆಲಸವದು.

ಪ್ರಶ್ನೆ: ನಿಶ್ಚಿತ ಅವಧಿಯ ನೌಕರರಿಗೆ ಒಂದೇ ವರ್ಷಕ್ಕೆ ಗ್ರಾಚ್ಯುಟಿ ಕೊಡಬೇಕಂತೆ. ಹನ್ನೊಂದು ತಿಂಗಳಿಗೆ ಬಿಡಿಸಿ, ಹದಿನೈದು ದಿನದ ಬಳಿಕ ಮತ್ತೆ ತೆಗೆದುಕೊಳ್ಳಬಹುದೇ?

ಉತ್ತರ: ಈ ಉಪಾಯವನ್ನು ಹೇಳಿಕೊಡುವವರ ಸಹವಾಸ ಬಿಡಿ. ಅದೇ ಯಂತ್ರದ ಮುಂದೆ ಅದೇ ಮನುಷ್ಯ ಮತ್ತೆ ಮತ್ತೆ ನಿಂತರೆ ಆ ವಿರಾಮ ಕೃತಕವೆಂದು ಹೇಳಲು ಯಾವ ನ್ಯಾಯಾಲಯವೂ ಬಹಳ ಯೋಚಿಸುವುದಿಲ್ಲ.

ಪ್ರಶ್ನೆ: ರಾಜೀನಾಮೆ ಕೊಟ್ಟವರ ಅಂತಿಮ ಲೆಕ್ಕವನ್ನು ಮುಂದಿನ ಸಂಬಳದ ದಿನ ಚುಕ್ತಾ ಮಾಡುವುದು ನಮ್ಮ ರೂಢಿ. ಮುಂದುವರಿಸಬಹುದೇ?

ಉತ್ತರ: ಸಾಧ್ಯವಿಲ್ಲ. ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಗ್ರಾಚ್ಯುಟಿಗೆ ಮಾತ್ರ 30 ದಿನಗಳ ಅವಕಾಶವಿದೆ.

ಪ್ರಶ್ನೆ: 300ಕ್ಕಿಂತ ಕಡಿಮೆ ಕೆಲಸಗಾರರಿದ್ದರೆ ಯಾರನ್ನು ಬೇಕಾದರೂ ತೆಗೆಯಬಹುದಲ್ಲವೇ?

ಉತ್ತರ: ಸರ್ಕಾರದ ಪೂರ್ವಾನುಮತಿ ಬೇಕಿಲ್ಲ, ಅಷ್ಟೇ. ನೋಟಿಸು, ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ವೇತನದ ಪರಿಹಾರ ಇವೆರಡೂ ಹಾಗೆಯೇ ಉಳಿದಿವೆ. ಜೊತೆಗೆ ಕೆಲಸ ಕಳೆದುಕೊಂಡವರಿಗಾಗಿ ಇರುವ ಮರುಕೌಶಲ ನಿಧಿಗೆ ಇನ್ನೂ 15 ದಿನಗಳ ವೇತನ ಕಟ್ಟಬೇಕು.

ಪ್ರಶ್ನೆ: ಮುಟ್ಟಿನ ರಜೆಗೆ ವೈದ್ಯರ ಪ್ರಮಾಣಪತ್ರ ಕೇಳಬಹುದೇ?

ಉತ್ತರ: ಕೇಳಬಾರದು. ರಾಜ್ಯ ಸರ್ಕಾರದ 2025ರ ಆದೇಶದಂತೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನಗಳ ವೇತನಸಹಿತ ರಜೆಗೆ ಪ್ರಮಾಣಪತ್ರ ಬೇಕಿಲ್ಲ. ಈ ಆದೇಶವನ್ನು ಕೆಲವರು ಹೈಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ ಎಂಬುದು ರಜೆ ನಿರಾಕರಿಸಲು ನಿಮಗೆ ಕಾರಣವಾಗುವುದಿಲ್ಲ.

ಪ್ರಶ್ನೆ: ನಿಯಮಾವಳಿ ಅಂತಿಮವಾಗುವ ತನಕ ಕಾಯಬಹುದೇ?

ಉತ್ತರ: ವೇತನದ ವ್ಯಾಖ್ಯೆ ಸಂಹಿತೆಯಲ್ಲಿಯೇ ಇದೆ, ನಿಯಮಾವಳಿಯಲ್ಲಿ ಅಲ್ಲ. ಕಾಯುವುದರಿಂದ ಬಾಕಿ ಬೆಳೆಯುತ್ತದೆ.